ಕೋಶಕ್ಕೆ ಸೇರದ ಒಂದು ಹೊಲದ ಹೆಸರು

ಉಪಭಾಷಾ ಕೋಶದ ಕೆಲಸಕ್ಕೆ ಈಗಷ್ಟೇ ಸೇರಿದ ಕೆಲವರು ಮೊನ್ನೆ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಪದಗಳನ್ನು ಹೇಗೆ ಸಂಗ್ರಹಿಸುತ್ತಿದ್ದಿರಿ ಸಾರ್?" ಎಂದು ಕೇಳಿದರು. "ಬಸ್ಸಿನಲ್ಲಿ" ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಬೀರೂರಿನಿಂದ ಅಜ್ಜಂಪುರ, ಅಜ್ಜಂಪುರದಿಂದ ತರೀಕೆರೆ, ತರೀಕೆರೆಯಿಂದ ಕಡೂರು ಎಂದು ಸುತ್ತುತ್ತಿದ್ದ ಬಸ್ಸುಗಳಲ್ಲಿ ಕಿವಿಗೆ ಬಿದ್ದಷ್ಟು ಪದ, ಜಗಲಿಯ ಮೇಲೆ ಪ್ರಶ್ನಾವಳಿ ಹಿಡಿದು ಕೂತಾಗ ಎಂದೂ ಸಿಗಲಿಲ್ಲ. ಪ್ರಶ್ನೆ ಕೇಳಿದರೆ ಜನ ಪುಸ್ತಕದ ಕನ್ನಡ ಮಾತಾಡುತ್ತಾರೆ. ಕಾಲು ತುಳಿದರೆ ತಮ್ಮ ಕನ್ನಡ ಮಾತಾಡುತ್ತಾರೆ.

ಬರೆದುಕೊಡಿ ಎಂದರು, ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಂಪುಟದ ಮುನ್ನುಡಿಯಲ್ಲಿ ನನ್ನ ಹೆಸರಿದೆ ಎಂಬುದು ಯಾರಿಗೂ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ. ಹೇಳಬೇಕಾದದ್ದು ಕೋಶಕ್ಕೆ ಸೇರದೆ ಹೋದ ಒಂದು ಪದದ ವಿಚಾರ. ಆ ಪದವನ್ನು ಆಡುತ್ತಿದ್ದವರು ಪುಟ್ಟೀರಮ್ಮ ಎಂಬ ವಿಧವೆ. ಅವರು ಉಳುತ್ತಿದ್ದ ಹೊಲ ಅವರಿಗೆ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಆಗ ತರೀಕೆರೆಯಲ್ಲಿ ವಿಚಾರಣೆಗೆ ಬಂದಿತ್ತು. ಪದಕ್ಕೂ ಹೊಲಕ್ಕೂ ಸಂಬಂಧವಿತ್ತು. ನೇರವಾಗಿ ಅದನ್ನೇ ಹೇಳಬಹುದಿತ್ತು. ಆದರೆ ಅದು ಕೆಲಸದ ಮಧ್ಯೆ ನಡೆದದ್ದು, ಹಾಗಾಗಿ ಕೆಲಸವೂ ನಡುವೆ ಬರುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನನ್ನು ಈ ಸೀಮೆಗೆ ಹಾಕಿದರು. ಅರಿಯದ ಪದ, ಪೋಲಿ ಪದ, ಬೈಗುಳ, ಕಸುಬಿನ ಮಾತು, ಎಲ್ಲವನ್ನೂ ಹಿಡಿದು ಒಂದೊಂದು ಚೀಟಿಯ ಮೇಲೆ ಪದ, ಅರ್ಥ, ಮೂಲ ಎಂದು ಮೂರು ಭಾಗ ಮಾಡಿ ಬರೆದು ಕಳಿಸಬೇಕು. ಚೀಟಿಗಳು ನಮ್ಮ ಸಂಪಾದಕರ ಮೇಜಿಗೆ ಹೋಗುತ್ತಿದ್ದವು. ಸಂಪಾದಕರು ಹಳಗನ್ನಡದಲ್ಲಿ ಮುಳುಗಿದವರು. ಯಾವ ಪದ ಕೊಟ್ಟರೂ ಅದರ ಬೇರು ಒಂಬೈನೂರು ವರ್ಷದ ಕೆಳಗೆ ಎಲ್ಲೋ ಇರಬೇಕು, ಇಲ್ಲದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಬೀರೂರು ಸ್ಟೇಷನ್ನಿನ ಎದುರು ಒಂದು ಹೋಟೆಲಿತ್ತು. ಅಲ್ಲಿ ಮಾಣಿ ಒಳಗೆ ಮುಖ ಮಾಡಿ "ಒಂದು ಬೈಟೂ" ಎಂದು ಕೂಗಿದ್ದನ್ನು ಬರೆದು ಕಳಿಸಿದೆ. ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುವುದು ಎಂದು ಅರ್ಥ ಕೊಟ್ಟೆ. ಮೂಲದ ಜಾಗ ಖಾಲಿ ಬಿಟ್ಟೆ. ಎಲ್ಲರಿಗೂ ಗೊತ್ತಿರುವುದನ್ನು ಏನು ಬರೆಯುವುದು? ಸಂಪಾದಕರು ಕಾಫಿ ಕುಡಿಯುತ್ತಿರಲಿಲ್ಲ, ಹೋಟೆಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಚೀಟಿ ವಾಪಸು ಬಂದಾಗ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ, "ಹಳಗನ್ನಡದ ಬಯ್ತಿಡು, ಅಂದರೆ ಬಚ್ಚಿಡು, ಎಂಬುದರಿಂದ. ಎರಡನೆಯವನ ಪಾಲನ್ನು ಮೊದಲಿಗೆ ಬಚ್ಚಿಡುವ ರೂಢಿ ಇದ್ದಿರಬಹುದು. ವಿಚಾರಿಸಿ" ಎಂದಿತ್ತು. ನಾನು ಅದು ಇಂಗ್ಲಿಷಿನ ಬೈ ಟೂ, ಎರಡು ಪಾಲು ಮಾಡುವುದು, ಎಂದು ಬರೆದೆ. ಮರುಟಪಾಲಿನಲ್ಲಿ ಉತ್ತರ ಬಂತು: "ಇರಬಹುದು. ಆದರೆ ಅದು ಸುಲಭದ ದಾರಿ."

ಅವರನ್ನು ಹಾಸ್ಯ ಮಾಡುತ್ತಿದ್ದೇನೆ ಎಂದು ತಿಳಿಯಬೇಡಿ. ಸುಲಭದ ದಾರಿಯ ಮೇಲೆ ಅವರಿಗಿದ್ದ ಅನುಮಾನ ಈ ಕಸುಬಿಗೆ ಬೇಕು. "ಚಳ್ಳೆಹಣ್ಣು ತಿನ್ನಿಸುವುದು" ಎಂದರೆ ಏಮಾರಿಸಿ ಪಾರಾಗುವುದು ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಚಳ್ಳೆಹಣ್ಣೇ ಏಕೆ? ಹಣ್ಣಿನ ಲೋಳೆ ಬಾಯಿಗೆ ಅಂಟಿ ಕೂಗಲಾಗುವುದಿಲ್ಲ, ಅಷ್ಟರಲ್ಲಿ ಕಳ್ಳ ಓಡುತ್ತಾನೆ ಎಂಬುದು ಸಂಪಾದಕರ ವಾದ. ಅಜ್ಜಂಪುರದ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಅವನು ಟಿಕೆಟು ಹರಿಯುತ್ತ, "ಅಂಟೋದಲ್ಲ ಸಾರ್, ಜಾರೋದು. ಬೀಜ ಹಲ್ಲಿಗೆ ಸಿಕ್ತು ಅಂತ ಕಚ್ಚಕ್ಕೋಗಿ, ಅದು ಆಗ್ಲೇ ಗಂಟ್ಲಲ್ಲಿರ್ತೈತೆ" ಎಂದ. ನಾನು ಒಂದು ಹಿಡಿ ಹಣ್ಣು ತರಿಸಿ ತಿಂದೆ. ಅಂಟಿತು. ಜಾರಿತು ಕೂಡ. ಎರಡನ್ನೂ ಬರೆದು ಕಳಿಸಿದೆ. ಕೋಶದಲ್ಲಿ "ಮೂಲ ಅನಿಶ್ಚಿತ" ಎಂದು ಅಚ್ಚಾಗಿದೆ. ಹೊಸಬರಿಗೆ ಇಷ್ಟು ಹೇಳಬಲ್ಲೆ: ಅನಿಶ್ಚಿತ ಎಂದು ಬರೆಯುವುದಕ್ಕೂ ತಿಂದು ನೋಡಿರಬೇಕು.

ಇನ್ನು ಮೂರು ಬಾಯಿಯ ನಿಯಮ. ಅದು ಹುಟ್ಟಿದ್ದು ತರೀಕೆರೆಯ ಸಣ್ಣೀರಪ್ಪನವರಿಂದ. ಮನೆಯಲ್ಲಿ ಯಾರೂ ಮಾತು ಕೇಳದ ವಯಸ್ಸಿನವರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನಗಾಗಿ ಕಾಯುತ್ತಿದ್ದರು. ಒಂದು ಕಾಫಿಗೆ ಒಂದು ಪದ. ಮಸಾಲೆ ದೋಸೆ ಕೊಡಿಸಿದರೆ ಪದದ ಜೊತೆ ಅದನ್ನು ಆಡುತ್ತಿದ್ದ ಅವರ ಅಜ್ಜಿಯೂ ಬರುತ್ತಿದ್ದರು. ಕೊಡೆಗೆ ಹಿಂದೆ "ನೆತ್ತಿಗೂಡು" ಎನ್ನುತ್ತಿದ್ದರು ಎಂದರು. ನಾನು ಪುಳಕಗೊಂಡೆ. ಸಂಪಾದಕರು ನನಗಿಂತ ಹೆಚ್ಚು ಪುಳಕಗೊಂಡರು. ಮುಂದೊಂದು ಸಲ ಮರೆತು ಅದೇ ಪ್ರಶ್ನೆ ಕೇಳಿದಾಗ ಸಣ್ಣೀರಪ್ಪನವರು "ಹನಿದಡ್ಡೆ" ಎಂದರು.

"ಹೋದ್ಸಾರಿ ನೆತ್ತಿಗೂಡು ಅಂದಿದ್ರಲ್ಲ?"

ಅವರು ಲೋಟ ಕೆಳಗಿಡಲಿಲ್ಲ. "ಅದು ಬ್ಯಾಸ್ಗೆ ಕೊಡೆ ಕಣಪ್ಪ. ಇದು ಮಳೆಗಾಲದ್ದು."

ಅದಾದ ಮೇಲೆ ಸಂಪಾದಕರು ನಿಯಮ ಮಾಡಿದರು. ಒಂದು ಪದ ಕೋಶಕ್ಕೆ ಸೇರಬೇಕಾದರೆ ಮೂರು ಬಾಯಲ್ಲಿ ಕೇಳಿಸಬೇಕು; ಆ ಮೂವರು ನಂಟರಾಗಿರಬಾರದು; ಒಂದೇ ಊರಿನವರಾಗಿರಬಾರದು. ನಿಯಮ ಒಳ್ಳೆಯದೇ. ಇವತ್ತಿಗೂ ನಾನು ಅದರ ಪರ. ಸಣ್ಣೀರಪ್ಪನವರಿಗೆ ಕಾಫಿ ನಿಲ್ಲಿಸಲಿಲ್ಲ. ಅವರು ಕಟ್ಟಿದ ಪದಗಳಲ್ಲಿ ಕೆಲವು ನಮ್ಮಲ್ಲಿ ಇರಬೇಕಾಗಿದ್ದ ಪದಗಳು ಎಂದು ನನಗೆ ಈಗಲೂ ಅನಿಸುತ್ತದೆ, ಆದರೆ ಹಾಗೆ ಅನಿಸುವುದಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ಮೊದಮೊದಲು ಕಿವಿ ಮತ್ತು ಪೆನ್ನು ಮಾತ್ರ. ಆಮೇಲೆ ಒಂದು ದೊಡ್ಡ ಸ್ಪೂಲ್ ಟೇಪ್ ರೆಕಾರ್ಡರ್ ಬಂತು. ಹೊಲಿಗೆ ಯಂತ್ರದಷ್ಟು ಭಾರ. ಅದನ್ನು ಬಸ್ಸಿನ ಮೇಲೆ ಹಾಕಲು ಕ್ಲೀನರುಗಳು ಒಪ್ಪುತ್ತಿರಲಿಲ್ಲ, ಒಳಗಿಡಲು ಪ್ರಯಾಣಿಕರು ಒಪ್ಪುತ್ತಿರಲಿಲ್ಲ. ಚಕ್ರ ತಿರುಗತೊಡಗಿದರೆ ಹಳ್ಳಿಯವರು ಎದ್ದು ನಿಂತು, ಸಭೆಯಲ್ಲಿ ಮಾತಾಡುವವರಂತೆ "ಮಾನ್ಯರೇ" ಎಂದು ಆರಂಭಿಸುತ್ತಿದ್ದರು. ಎಂಬತ್ತರ ಹೊತ್ತಿಗೆ ಕ್ಯಾಸೆಟ್ಟಿನ ಚಿಕ್ಕ ಯಂತ್ರ ಸಿಕ್ಕಿತು. ಜನ ಅದನ್ನು ಮರೆತು ಮಾತಾಡಿದರು. ನಮ್ಮ ಕೆಲಸ ಆಗ ಸುಧಾರಿಸಿತು. ಆದರೆ ಯಂತ್ರ ಬಂದ ಮೇಲೆ ಗೊತ್ತಾದ ಇನ್ನೊಂದು ವಿಷಯವೆಂದರೆ, ನಾನು ನೆನಪಿಟ್ಟುಕೊಂಡದ್ದರಲ್ಲಿ ಬಹಳಷ್ಟು ಆಗಿರಲೇ ಇಲ್ಲ.

ಪುಟ್ಟೀರಮ್ಮನವರನ್ನು ಮೊದಲು ಕಂಡದ್ದನ್ನೇ ತೆಗೆದುಕೊಳ್ಳಿ. ಅಜ್ಜಂಪುರದಿಂದ ಚೌಳಹಿರಿಯೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ನಡೆದರೆ ಅವರ ಊರು. ಅವರು ಬೇವಿನ ಮರದ ನೆರಳಲ್ಲಿ ಕೂತು ಈರುಳ್ಳಿ ಹಸನು ಮಾಡುತ್ತಿದ್ದರು, ತಲೆ ಎತ್ತಿ ನನ್ನ ಪ್ಯಾಂಟು ನೋಡಿದರು. ಹೀಗೆಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ದಿನದ ಕ್ಯಾಸೆಟ್ಟು ನನ್ನಲ್ಲಿದೆ. ಅದರಲ್ಲಿ ತಗಡಿನ ಮೇಲೆ ಮಳೆ ಬೀಳುತ್ತಿದೆ, ಬೀಸುಕಲ್ಲು ತಿರುಗುತ್ತಿದೆ. ಈರುಳ್ಳಿಯ ಸುಳಿವಿಲ್ಲ. ಅಜ್ಜಂಪುರ ಎಂದಮೇಲೆ ಈರುಳ್ಳಿ ಇರಲಿ ಎಂದು ನನ್ನ ತಲೆ ತಾನೇ ತಂದು ಸುರಿದಿರಬೇಕು. ಆದ್ದರಿಂದ ಮುಂದಿನದನ್ನೂ ಸ್ವಲ್ಪ ತಡೆದೇ ನಂಬಿ.

ಆ ಕ್ಯಾಸೆಟ್ಟಿನಲ್ಲಿ ಪುಟ್ಟೀರಮ್ಮ ಹೊಲದ ಮಾತಾಡುತ್ತ, "ಜೋಳ ಮುಡಿದೈತೆ, ಈಗ ಗಾಳಿ ಜಾಸ್ತಿ ಬೀಸ್ಬಾರ್ದು" ಎನ್ನುತ್ತಾರೆ.

"ಮುಡಿದೈತೆ ಅಂದ್ರೆ?" ಇದು ನನ್ನ ದನಿ.

"ಮುಡಿಯೋದು ಬಂದೈತೆ ಅಂತ. ನೀವು ಅಕ್ಷರ ಕಲ್ತೋರು, ನೀವೇನೋ ಅಂತೀರಲ್ಲ, ಅದೇ."

ಜೋಳ ಹೂವಾಗಿದೆ ಎಂದು ಅರ್ಥ. ಅವರಿಗೆ ಹೂವು ಎಂದರೆ "ಮುಡಿಯೋದು". ಹತ್ತಿ ಮುಡಿಯುತ್ತಿತ್ತು, ಹುಣಸೆ ಮುಡಿಯುತ್ತಿತ್ತು, ಗೋಡೆಗೆ ಒರಗಿದ ಕುಂಬಳದ ಬಳ್ಳಿ ಮುಡಿಯುತ್ತಿತ್ತು. ಇಡೀ ಊರಿನ ಗಿಡಬಳ್ಳಿಗಳು ಮದುವೆಗೆ ಹೊರಟವರಂತೆ ನನ್ನ ಕಣ್ಣಿಗೆ ಕಂಡವು. ಆ ಸಂಜೆಯೇ ಚೀಟಿ ಬರೆದು ಅಂಚೆಗೆ ಹಾಕಿದೆ. ಸಂಪಾದಕರಿಂದ ನಾಲ್ಕು ಪುಟದ ಕಾಗದ ಬಂತು. ಈ ಸೀಮೆಯಲ್ಲಿ ಮಾತ್ರ ಉಳಿದಿರುವ ಬಹಳ ಹಳೆಯ ಕ್ರಿಯಾಪದದ ಬಳಕೆ ಇದು. ಇನ್ನೆರಡು ಬಾಯಿ ಕೂಡಲೇ ಹುಡುಕಿ, ಎಂದಿತ್ತು. ಅವರು ಅಷ್ಟು ಸಂತೋಷವಾಗಿ ಬರೆದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಇನ್ನೊಂದು ಬಾಯಿಯೂ ಸಿಗಲಿಲ್ಲ. ಆ ಊರಲ್ಲಿ, ಪಕ್ಕದ ಊರುಗಳಲ್ಲಿ, ಕೊನೆಗೆ ಕಡೂರಿನ ಸಂತೆಯಲ್ಲಿ ಹೂವಿನ ಬುಟ್ಟಿಯ ಮುಂದೆ ನಿಂತು ಕೇಳಿದೆ. ಎಲ್ಲರೂ ಹೂವು ಎಂದರು. ಕಡೆಗೆ ಪುಟ್ಟೀರಮ್ಮನವರ ಪಕ್ಕದ ಮನೆಯಾಕೆ ಸೆರಗು ಬಾಯಿಗೆ ಹಿಡಿದು ನಕ್ಕರು.

"ಅಯ್ಯೋ ಮೇಷ್ಟ್ರೇ, ಹೂವಪ್ಪನ ಹೆಂಡ್ತಿ ಹೂವು ಅಂತಾಳಾ?"

ಗಂಡನ ಹೆಸರು ಹೆಂಗಸರು ಹೇಳುವುದಿಲ್ಲ ಎಂಬುದು ಹೊಸ ವಿಷಯವೇನಲ್ಲ. ನನ್ನ ತಾಯಿಯೂ ಹೇಳುತ್ತಿರಲಿಲ್ಲ. ಕೆಲವರು ಆ ಹೆಸರಿನ ಶಬ್ದ ಬರುವ ವಸ್ತುವನ್ನೂ ಹೇಳುವುದಿಲ್ಲ. ಗಂಡ ಹಾಲಪ್ಪನಾದರೆ ಹಾಲು "ಕರೆದದ್ದು" ಆಗುತ್ತದೆ. ಇದೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಮಾಹಿತಿ ಕೊಡುವವರ ಹೆಸರು, ವಯಸ್ಸು ಕೇಳುತ್ತಿದ್ದೆವೇ ಹೊರತು ಸತ್ತ ಗಂಡನ ಹೆಸರು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೊಸಬರು ಒಂದು ಮನೆಯ ಹೆಂಗಸರಿಂದ ಪದ ಕೇಳುವ ಮೊದಲು ಆ ಮನೆಯ ಗಂಡಸರ ಹೆಸರುಗಳನ್ನು ಬೇರೆ ಯಾರಿಂದಲಾದರೂ ತಿಳಿದುಕೊಳ್ಳುವುದು ಒಳ್ಳೆಯದು. ಆ ಮನೆಯವರನ್ನೇ ಕೇಳಿದರೆ ಸಿಗುವುದಿಲ್ಲ.

ಸಂಪಾದಕರಿಗೆ ಬರೆದೆ. ಉತ್ತರ ಚಿಕ್ಕದಾಗಿತ್ತು. "ಒಂದೇ ಬಾಯಿ. ಕೈಬಿಡಿ."

ಕೈಬಿಟ್ಟೆ. ಆದರೆ ಆ ಊರಿಗೆ ಹೋಗುವುದನ್ನು ಬಿಡಲಿಲ್ಲ, ಏಕೆಂದರೆ ಪುಟ್ಟೀರಮ್ಮನವರ ಬಳಿ ಮೂರು ಬಾಯಿಗೆ ಒಪ್ಪುವ ಪದಗಳೂ ಬೇಕಾದಷ್ಟಿದ್ದವು. ಹಾಗೆ ಹೋದಾಗ ಹೊಲದ ಸಂಗತಿ ತಿಳಿಯಿತು. ಊರಿನ ದೊಡ್ಡ ಹಿಡುವಳಿದಾರರು ಚನ್ನವೀರಪ್ಪನವರು. ಅವರ ಒಂದು ಎರೆಹೊಲವನ್ನು ಹೂವಪ್ಪ ಮದುವೆಗೂ ಮೊದಲಿನಿಂದ ಗೇಣಿಗೆ ಉಳುತ್ತಿದ್ದರು. ಅವರು ತೀರಿಹೋದ ಮೇಲೆ ಪುಟ್ಟೀರಮ್ಮ ಆಳು ಹಿಡಿದು ಉಳುಮೆ ಮಾಡಿಸುತ್ತಿದ್ದರು. ಗೇಣಿ ಕಣದಲ್ಲೇ ಅಳೆದು ಕೊಡುವುದು, ರಸೀತಿ ಗಿಸೀತಿ ಇಲ್ಲ. ಉಳುವವರಿಗೆ ಭೂಮಿ ಎಂಬ ಕಾಯಿದೆ ಬಂದಾಗ ಯಾರೋ ಅರ್ಜಿ ಬರೆದುಕೊಟ್ಟರು, ಅವರು ಹೆಬ್ಬೆಟ್ಟು ಒತ್ತಿದರು. ಚನ್ನವೀರಪ್ಪನವರು, ಆ ಹೊಲ ಗೇಣಿಗೆ ಕೊಟ್ಟೇ ಇಲ್ಲ, ನಾನೇ ಬೇಸಾಯ ಮಾಡಿಸುತ್ತಿದ್ದೆ, ಹೂವಪ್ಪ ನಮ್ಮ ಕೂಲಿಯಾಳು, ಎಂದು ತಕರಾರು ಹಾಕಿದರು. ಸಾಕ್ಷಿ ಹೇಳಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಎಲ್ಲರ ಎತ್ತುಗಳೂ ಅವರ ಕೆರೆಯಲ್ಲೇ ನೀರು ಕುಡಿಯುತ್ತಿದ್ದವು. ಹೊಲ ಹೋದರೆ ಪುಟ್ಟೀರಮ್ಮ ಅದೇ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ಹೋಗಬೇಕಿತ್ತು. ಅದನ್ನು ಅವರೇ ಹೇಳಿದರು, ಬೇರೆಯವರ ಸುದ್ದಿ ಹೇಳುವಂತೆ.

"ಮೇಷ್ಟ್ರೇ, ತರೀಕೆರೇಲಿ ಹೊಲದ ಕೇಸು ಕೂಗ್ತಾರಂತೆ. ನೀವು ಬರ್ಬೇಕು."

"ನಾನು ಬಂದು ಏನ್ಮಾಡ್ಲಿ ಅಮ್ಮ? ನಂಗೆ ಹೊಲದ ವಿಷ್ಯ ಗೊತ್ತಿಲ್ಲ."

"ನನ್ನ ಮಾತು ಗೊತ್ತಲ್ಲ. ಆಮೇಲೆ, ಪ್ಯಾಂಟ್ ಹಾಕ್ಕಂಡೋರು ಒಬ್ರು ಜೊತೇಲಿದ್ರೆ ಕೂರಕ್ಕೆ ಬೆಂಚು ಕೊಡ್ತಾರೆ."

ಹೋದೆ. ಬೆಂಚು ಕೊಟ್ಟರು.

ವಿಚಾರಣೆ ನಡೆಸುವ ಭೂ ನ್ಯಾಯಮಂಡಳಿಯ ಅಧ್ಯಕ್ಷರು ಬೇರೆ ರಾಜ್ಯದಿಂದ ಬಂದ ಯುವ ಅಧಿಕಾರಿ. ಕನ್ನಡವನ್ನು ಪುಸ್ತಕದಿಂದ ಕಲಿತವರು. ಅವರ ಕನ್ನಡ ನನ್ನದಕ್ಕಿಂತ ಶುದ್ಧವಾಗಿತ್ತು. ಅವರ ಅಕ್ಕಪಕ್ಕ ಈ ಕಡೆಯ ಸದಸ್ಯರು ಕೂತಿದ್ದರು. ಅವರಲ್ಲಿ ಒಬ್ಬರಿಗೆ, ಎಲೆಅಡಿಕೆ ಹಾಕಿಕೊಂಡ ದಪ್ಪ ಮನುಷ್ಯನಿಗೆ, ಚನ್ನವೀರಪ್ಪನವರು ಹೋಗಿ ಭುಜ ಮುಟ್ಟಿ ಮಾತಾಡಿಸಿದರು. ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಅವರವರ ಮಾತು ಅವರವರೇ ಆಡಬೇಕು. ಚನ್ನವೀರಪ್ಪನವರು ಚೆನ್ನಾಗಿ ಆಡಿದರು.

"ಸ್ವಾಮಿ, ಗಂಡನ ಕಾಲ್ದಿಂದ ಉತ್ತಿದೀವಿ ಅಂತಾಳೆ. ಇರ್ಲಿ. ಹಂಗಿದ್ರೆ ಆ ಹೊಲಕ್ಕೆ ಊರಲ್ಲಿ ಏನಂತಾರೆ ಅಂತ ಒಂದು ಮಾತು ಕೇಳಿ. ಉತ್ತೋರಿಗೆ ಹೊಲದ ಹೆಸ್ರು ಗೊತ್ತಿರಲ್ವಾ?"

ಅಧ್ಯಕ್ಷರಿಗೆ ಅದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಮೇಲೆ ಹೊಳೆಯಿತು. ಇಡೀ ಊರು ಆ ಹೊಲಕ್ಕೆ ಹೂವಪ್ಪನ ಹೊಲ ಎನ್ನುತ್ತಿತ್ತು.

"ತಾಯಿ, ತಾವು ಸಾಗುವಳಿ ಮಾಡುತ್ತಿರುವ ಭೂಮಿಯನ್ನು ಗ್ರಾಮಸ್ಥರು ಯಾವ ಹೆಸರಿನಿಂದ ಕರೆಯುತ್ತಾರೆ?"

"ನಮ್ಮೋರ ಹೊಲ ಅಂತಾರೆ."

"ಅದು ಸರಿ. ಹೆಸರು?"

ಪುಟ್ಟೀರಮ್ಮ ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. "ಮುಡಿಯೋರ ಹೊಲ."

ಅಧ್ಯಕ್ಷರು ಕಾಗದ ತಿರುವಿದರು. ಚನ್ನವೀರಪ್ಪನವರು ಕೈ ಚೆಲ್ಲಿದರು. "ಅಂಥ ಹೊಲ ನಮ್ಮೂರಲ್ಲೇ ಇಲ್ಲ ಸ್ವಾಮಿ. ಅದಕ್ಕೆ ಬೇವಿನಮರದ ಹೊಲ ಅಂತಾರೆ. ಕೇಳಿ ಯಾರನ್ನಾದ್ರೂ."

ಯಾರನ್ನಾದರೂ ಕೇಳಬಹುದಿತ್ತು. ಆ ಕೋಣೆಯಲ್ಲಿ ಅಧ್ಯಕ್ಷರೊಬ್ಬರನ್ನು ಬಿಟ್ಟು ಎಲ್ಲರಿಗೂ ಆಕೆ ಏಕೆ ಹೇಳುತ್ತಿಲ್ಲ ಎಂದು ಗೊತ್ತಿತ್ತು. ಸದಸ್ಯರಿಗೆ ಗೊತ್ತಿತ್ತು, ಜವಾನನಿಗೆ ಗೊತ್ತಿತ್ತು. ಚನ್ನವೀರಪ್ಪನವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಕೇಳಿಸಿದ್ದರು. ಸದಸ್ಯರು ಫ್ಯಾನು ನೋಡುತ್ತಿದ್ದರು. ಅದು ತಿರುಗುತ್ತಿರಲಿಲ್ಲ.

ನಾನು ಎದ್ದು ನಿಂತೆ.

"ಸ್ವಾಮಿ, ಆ ಹೊಲದ ಹೆಸರು..."

"ಹೇಳ್ಕೊಡಬಾರ್ದು!" ಎಂದರು ಚನ್ನವೀರಪ್ಪನವರು. "ಬೇರೆಯವ್ರು ಹೆಸ್ರು ಹೇಳ್ಕೊಟ್ರೆ ಆಮೇಲೆ ಅವಳು ಹೇಳಿದ್ದಕ್ಕೆ ಏನು ಬೆಲೆ?"

ಅಧ್ಯಕ್ಷರು ತಲೆದೂಗಿ, "ತಾವು ಹೆಸರನ್ನು ಉಚ್ಚರಿಸಬೇಡಿ" ಎಂದು ನನಗೆ ಅಪ್ಪಣೆ ಮಾಡಿದರು. ಹಾಗಾಗಿ ಪುಟ್ಟೀರಮ್ಮನವರು ಎಂದೂ ಹೇಳದ ಹೆಸರನ್ನು ನಾನೂ ಹೇಳದೆ, ಅದನ್ನು ಅವರು ಏಕೆ ಹೇಳುವುದಿಲ್ಲ ಎಂದು ವಿವರಿಸಬೇಕಾಯಿತು. ಯಜಮಾನರು, ಅವರ ಹೆಸರಿರುವ ಒಂದು ವಸ್ತು, ಅದನ್ನು ತಲೆಗೆ ಇಟ್ಟುಕೊಳ್ಳುವುದು, ಎಂದೆಲ್ಲ ಹೇಳಿದೆ. ನನ್ನ ಜೀವಮಾನದಲ್ಲಿ ಒಂದು ಪದದ ಅರ್ಥವನ್ನು ಅಷ್ಟು ಕೆಟ್ಟದಾಗಿ ಹೇಳಿಲ್ಲ.

"ತಾವು ಯಾರು?"

"ಉಪಭಾಷಾ ಕೋಶದವನು ಸ್ವಾಮಿ. ಪದ ಸಂಗ್ರಹ ಮಾಡ್ತೀನಿ."

"ಈ ಮುಡಿಯೋದು ಎಂಬ ಪದ ತಮ್ಮ ಕೋಶದಲ್ಲಿ ಇದೆಯೇ?"

"ಇಲ್ಲ."

"ಏಕೆ?"

"ಮೂರು ಬಾಯಿ ಬೇಕು. ಇವರದು ಒಂದೇ."

ಅಧ್ಯಕ್ಷರು ಯೋಚಿಸಿದರು. ನಿಯಮ ಅವರಿಗೆ ಹಿಡಿಸಿದಂತೆ ಕಂಡಿತು. "ಕಾರಣ ಅರ್ಥವಾಯಿತು. ಆದರೆ ಅರ್ಜಿದಾರರು ಹೇಳದ ಹೆಸರನ್ನು ಅವರು ಹೇಳಿದರೆಂದು ನಾನು ಬರೆಯಲಾರೆ. ತಾವು ಕುಳಿತುಕೊಳ್ಳಿ."

ಕುಳಿತುಕೊಂಡೆ. ಹೊಲದ ಪರವಾಗಿ ನನ್ನ ಕೊಡುಗೆ ಅಷ್ಟು.

"ಹೇಳ್ಲಿ ಸ್ವಾಮಿ, ಬಾಯಿದೆಯಲ್ಲ" ಎಂದರು ಚನ್ನವೀರಪ್ಪನವರು, ಬಹಳ ಮೃದುವಾಗಿ. "ನಾವೇನು ಬ್ಯಾಡ ಅಂದ್ವಾ?"

ಪುಟ್ಟೀರಮ್ಮ ಬೆಂಚಿನಿಂದ ಎದ್ದರು. ಹೊರಟುಬಿಡುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈಯಲ್ಲಿ ಅದರ ಅಂಚು ಹಿಡಿದು, ಗೋಡೆಯ ಕಡೆ ಅರ್ಧ ತಿರುಗಿ ನಿಂತರು. ಆ ನಿಲುವನ್ನು ನಾನು ಮದುವೆ ಮನೆಗಳಲ್ಲಿ ನೋಡಿದ್ದೆ. ಈಗಿನವರಿಗೆ ಹೇಳಬೇಕು: ನಮ್ಮ ಕಡೆ ಮದುವೆಯಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುತ್ತಾರೆ. ಅವಳು ಬರಿಯ ಹೆಸರು ಹೇಳುವುದಿಲ್ಲ. ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಹೆಸರು ಬಾಯಿಗೆ ಬರಲು ಅದೊಂದೇ ದಾರಿ. ಹೇಳಿಸಿದವರು ಅವಳ ಕೈಗೆ ಮುಯ್ಯಿಯ ಕಾಸು ಇಟ್ಟು ಹೋಗಬೇಕು. ಒಡಪು ಮುತ್ತೈದೆಯರದು. ವಿಧವೆಯಾದವಳು ಒಡಪು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ದನಿ ಸಣ್ಣದಾಗಿ ಬಂತು.

"ಎತ್ತು ಮುಂದೆ, ನೇಗ್ಲು ಹಿಂದೆ, ಮೇಣಿ ಹಿಡಿದೋರು,
ಉತ್ತ ಹೊಲಕೆ ಹೂವಪ್ಪನೊಲ ಅಂತಾರೆ ಊರೋರು."

ಚನ್ನವೀರಪ್ಪನವರು ಮೊದಲು ಚೇತರಿಸಿಕೊಂಡರು. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು.

"ಏನಂದ್ಲು? ಕೇಳಿಸ್ಲಿಲ್ಲ" ಎಂದರು.

ಮದುವೆ ಮನೆಯಲ್ಲಿ ಮದುಮಗಳು ಒಡಪು ಪಿಸುಗುಟ್ಟಿದ ಕೂಡಲೇ ಗಂಡಿನ ಕಡೆಯವರು ಕೂಗುವುದೂ ಅದನ್ನೇ. ಎಲೆಅಡಿಕೆಯ ಸದಸ್ಯರು ತಡೆಯಲು ನೋಡಿದರು. ಆಗಲಿಲ್ಲ. ಕರ್ಚೀಫು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕರು.

"ಲೇ ಚನ್ನವೀರಪ್ಪ, ಇವ್ಳ ಮದ್ವೇಲೂ ನೀನೇ ಕಣೋ ಹಂಗೆ ಕೂಗಿದ್ದು!"

ಪುಟ್ಟೀರಮ್ಮ ಕಾಯಲಿಲ್ಲ. ಕೇಳಿಸಲಿಲ್ಲ ಎಂದಮೇಲೆ ಇನ್ನೊಮ್ಮೆ ಹೇಳಬೇಕಾದದ್ದು ಪದ್ಧತಿ. ಈ ಸಲ ಗೋಡೆ ಬಿಟ್ಟು ಅಧ್ಯಕ್ಷರ ಕಡೆ ತಿರುಗಿ, ಬಾಗಿಲಾಚೆ ನಿಂತವರಿಗೂ ಕೇಳುವಂತೆ ಹೇಳಿದರು. ಬಾಗಿಲಾಚೆಯಿಂದಲೂ ನಗು ಬಂತು. ಜವಾನ ನಕ್ಕ. ಆ ನಗುವಿನಲ್ಲಿ ಹಾಸ್ಯ ಎಷ್ಟಿತ್ತೋ, ಬೇರೇನು ಎಷ್ಟಿತ್ತೋ ನನಗೆ ಹೇಳಲಾಗದು. ಎಲ್ಲರೂ ಫ್ಯಾನು ನೋಡುವುದನ್ನಂತೂ ಬಿಟ್ಟಿದ್ದರು.

"ಏಕೆ ನಗುತ್ತೀರಿ?" ಅಧ್ಯಕ್ಷರು ಸದಸ್ಯರನ್ನು ಕೇಳಿದರು.

"ಏನಿಲ್ಲ ಸ್ವಾಮಿ. ಹೂವಪ್ಪನೊಲ ಅಂದ್ಲಲ್ಲ, ಅದಕ್ಕೆ."

"ಅಂಥ ಹೊಲ ಇದೆಯೇ?"

ಸದಸ್ಯರ ನಗು ಅಲ್ಲಿಗೆ ನಿಂತಿತು. ಆದರೆ ನಕ್ಕಾಗಿತ್ತು. ಇಲ್ಲದ ಹೊಲದ ಹೆಸರು ಕೇಳಿ ಯಾರೂ ಅಷ್ಟು ನಗುವುದಿಲ್ಲ.

"ಐತೆ" ಎಂದರು.

"ತಮಗೆ ಹೇಗೆ ಗೊತ್ತು?"

"ಅದರ ಬದುವಿನ ಮೇಲೇ ನಮ್ಮ ಹೊಲಕ್ಕೆ ದಾರಿ."

"ಹೂವಪ್ಪ ಎಂಬುವವರು ಗೇಣಿದಾರರಾಗಿದ್ದರೋ, ಕೂಲಿಯಾಳೋ?"

ಸದಸ್ಯರು ಚನ್ನವೀರಪ್ಪನವರನ್ನು ನೋಡಿದರು. ಇಬ್ಬರೂ ಒಟ್ಟಿಗೆ ಬೆಳೆದವರು, ಒಂದೇ ಮಠದ ಶಿಷ್ಯರು ಎಂದು ಆಮೇಲೆ ತಿಳಿಯಿತು. ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು.

"ಕೂಲಿಯಾಳಿನ ಹೆಸ್ರು ಹೊಲಕ್ಕೆ ಯಾರಿಡ್ತಾರೆ ಸ್ವಾಮಿ" ಎಂದರು.

ಅಧ್ಯಕ್ಷರು ಬರೆದುಕೊಂಡರು. ಒಡಪನ್ನು ಏನೆಂದು ಬರೆಯಬೇಕೆಂದು ಗುಮಾಸ್ತ ನನ್ನನ್ನು ಕೇಳಿದ. ಹೇಳಿಕೆ ಎಂದು ಬರಿ ಎಂದೆ.

ಇದೆಲ್ಲವನ್ನೂ ವಿವರವಾಗಿ ಸಂಪಾದಕರಿಗೆ ಬರೆದೆ. ಪದವನ್ನು ಮತ್ತೆ ಪರಿಶೀಲಿಸಬಹುದೇ ಎಂದು ಕೇಳಿದೆ. ಅವರ ಉತ್ತರ: "ಹೊಲದ ಹೆಸರಿಗೆ ಈಗ ಆಕೆ, ಆ ಸದಸ್ಯರು, ಊರು ಎಂದು ಮೂರು ಬಾಯಿ ಸಿಕ್ಕಂತಾಯಿತು. ಆದರೆ ಅದು ಅಂಕಿತನಾಮ, ಕೋಶಕ್ಕೆ ಬರುವುದಿಲ್ಲ. ಹೂವಿನ ಪದಕ್ಕೆ ಇನ್ನೂ ಒಂದೇ ಬಾಯಿ." ಕೆಳಗೆ, ಪೆನ್ಸಿಲಿನಲ್ಲಿ: "ಹೊಲ ಏನಾಯಿತು?"

ಹೊಲ ಪುಟ್ಟೀರಮ್ಮನವರದಾಯಿತು. ಆದೇಶ ಮುಂದಿನ ಬಿತ್ತನೆಯ ಹೊತ್ತಿಗೆ ಬಂತು, ಪಹಣಿಯಲ್ಲಿ ಅವರ ಹೆಸರು ಏರಿತು. ಸಂಪಾದಕರಿಗೆ ಅದನ್ನೂ ಬರೆದೆ. ಇಷ್ಟಕ್ಕೆ ಕಾಗದಪತ್ರಗಳಿವೆ.

ಕಡೆಯದಕ್ಕೆ ಯಾವ ಕಾಗದವೂ ಇಲ್ಲ, ಆ ದಿನ ಟೇಪು ಒಯ್ದಿರಲಿಲ್ಲ. ಅದು ವಿಚಾರಣೆ ಮುಗಿದ ಮಧ್ಯಾಹ್ನವೇ ನಡೆಯಿತೋ, ಆದೇಶದ ನಕಲು ತರಲು ಹೋದ ದಿನವೋ ನನಗೆ ಗಟ್ಟಿಯಾಗಿ ಗೊತ್ತಿಲ್ಲ. ಆದೇಶದ ನಂತರವಾದರೆ ಅದು ಗೆದ್ದವರ ತಮಾಷೆ. ಮೊದಲಾದರೆ ಬೇರೆ. ನನ್ನ ತಲೆಯಲ್ಲಿ ಅದು ವಿಚಾರಣೆಯ ದಿನವೇ ಇದೆ, ಇನ್ನೂ ಯಾರೂ ಏನನ್ನೂ ಗೆದ್ದಿಲ್ಲ. ಕಚೇರಿಯ ಜಗಲಿಯಲ್ಲಿ ಚನ್ನವೀರಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾರೆ.

"ಏನವ್ವ ಪುಟ್ಟೀರಿ, ಸತ್ತ ಗಂಡನ ಹೆಸ್ರು ಹಿಡಿದು ಕಚೇರೀಲಿ ಕೂಗಿಬಿಟ್ಯಲ್ಲ."

"ನೀವು ಹೇಳ್ಸಿದ್ರಿ ಯಜಮಾನ್ರೇ, ಹೇಳ್ದೆ" ಎಂದರು ಪುಟ್ಟೀರಮ್ಮ. ಸೆರಗು ಇನ್ನೂ ತಲೆಯ ಮೇಲೇ ಇತ್ತು. "ಮದ್ವೇಲಿ ಹೇಳ್ಸಿದಾಗ ಸುಮ್ನೆ ಹೋಗ್ಲಿಲ್ಲ ನೀವು. ಮುಯ್ಯಿ ಇಟ್ಟು ಹೋದ್ರಿ."

ಚನ್ನವೀರಪ್ಪನವರ ಕೈ ತಾನೇ ಜುಬ್ಬದ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

"ಈ ಸಲದ ಮುಯ್ಯಿ ಜೇಬಲ್ಲಿರೋದಲ್ಲ" ಎಂದರು ಪುಟ್ಟೀರಮ್ಮ.